ದೇವಲಾಪುರದ ಕಡೆಯವಳು

ಹತ್ತೊಂಬತ್ತು ವರ್ಷಗಳಲ್ಲಿ ಮಹದೇವಸ್ವಾಮಿಯ ಮೊಣಕೈ ನಾನೂರಕ್ಕೂ ಹೆಚ್ಚು ಫೋಟೋಗಳಲ್ಲಿ ಬಂದಿತ್ತು. ಮುಖ ಬಂದದ್ದು ಒಂದರಲ್ಲಿ ಮಾತ್ರ. ಅದರಲ್ಲಿ ಅವನು ಸೀನುತ್ತಿದ್ದ.

ಶ್ರೀರಂಗಪಟ್ಟಣದ ಚರ್ಚಿಗೆ ಸೇರಿದ ಸೇವಾ ಕೇಂದ್ರದಲ್ಲಿ ಅವನು ಗುಮಾಸ್ತ. ಹೆಸರಿಗೆ ಗುಮಾಸ್ತ. ವಿದೇಶದವರು ಬಂದರೆ ಅವರ ಇಂಗ್ಲಿಷನ್ನು ಹಳ್ಳಿಯವರಿಗೂ ಹಳ್ಳಿಯವರ ಕನ್ನಡವನ್ನು ಅವರಿಗೂ ದಾಟಿಸುವವನು ಅವನೇ, ವ್ಯಾನು ನಿಂತರೆ ತಳ್ಳುವವನೂ ಅವನೇ. ಐರ್ಲೆಂಡಿನ ಒಂದು ಸಣ್ಣ ಊರಿನ ಚರ್ಚಿನ ಸಭೆಯವರು ಭಾನುವಾರದ ಪೂಜೆ ಮುಗಿದ ಮೇಲೆ ಕೇಕು ಮಾರಿ ಇಲ್ಲಿಗೆ ಗಾಲಿಕುರ್ಚಿ, ಕನ್ನಡಕ, ಕಂಬಳಿಗಳಿಗೆ ದಾರಿ ಮಾಡುತ್ತಿದ್ದರು. ಇಲ್ಲಿನ ನಲವತ್ತು ಕುಟುಂಬಗಳ ಸಭೆಯೂ ಸುಮ್ಮನೆ ಕೂರದೆ, ಯಾವುದೋ ದೇಶದಲ್ಲಿ ಭೂಕಂಪವಾಯಿತೆಂದರೆ ಬೆಡ್‌ಶೀಟು, ಸ್ವೆಟರು ಕೂಡಿಹಾಕಿ ಕಳಿಸುತ್ತಿತ್ತು. ಬರುವ ಮೂಟೆಯ ಹಗ್ಗ ಬಿಚ್ಚುವವನೂ, ಹೋಗುವ ಮೂಟೆಯ ಹಗ್ಗ ಬಿಗಿಯುವವನೂ ಮಹದೇವಸ್ವಾಮಿ. ಪಾಂಡವಪುರದಲ್ಲಿ ಕನ್ನಡಕ ಹಂಚಿದರೆ ಕನ್ನಡಕ ಹಾಕಿಕೊಂಡ ಅಜ್ಜಿ ಫೋಟೋದಲ್ಲಿ ನಗುತ್ತಿದ್ದಳು, ಫಾದರ್ ನಗುತ್ತಿದ್ದರು, ಪಕ್ಕದಿಂದ ಡಬ್ಬ ಚಾಚಿದ ಒಂದು ಮೊಣಕೈ ಇರುತ್ತಿತ್ತು. ಆ ಫೋಟೋಗಳು ಐರ್ಲೆಂಡಿಗೆ ಹೋಗಿ ಅಲ್ಲಿನ ಚರ್ಚಿನ ಗೋಡೆಯ ಮೇಲೆ ಕೂರುತ್ತಿದ್ದವು. ಯೂರೋಪಿನಲ್ಲಿ ತನ್ನಷ್ಟು ಪ್ರದರ್ಶನ ಕಂಡ ಮೊಣಕೈ ಇನ್ನೊಂದಿಲ್ಲ ಎಂದು ಅವನು ಆಗಾಗ ಹೆಮ್ಮೆಪಟ್ಟುಕೊಳ್ಳುತ್ತಿದ್ದ.

ಅವನು ಕೆಟ್ಟವನಾಗಬೇಕೆಂದು ಹೊರಟವನಲ್ಲ. ಹತ್ತೊಂಬತ್ತು ವರ್ಷ ಕೆಟ್ಟವನಾಗಲು ಅವಕಾಶವೇ ಸಿಕ್ಕಿರಲಿಲ್ಲ, ಅದನ್ನೇ ಒಳ್ಳೆಯತನ ಅಂದುಕೊಂಡಿದ್ದ. ಅವಕಾಶ ಬಂದದ್ದು ಫೆಬ್ರವರಿಯಲ್ಲಿ, ಕೇಂದ್ರ ನೋಡಿಕೊಳ್ಳುವ ಸಿಸ್ಟರ್ ಫಿಲೋಮಿನಾ ಅವನ ಮೇಜಿನ ಮೇಲೆ ಇಟ್ಟು ಹೋದ ಒಂದು ಕಾಗದದ ರೂಪದಲ್ಲಿ.

ಕಾಗದ ಬರೆದವಳು ನೋರಾ. ಆ ಐರಿಷ್ ಊರಿನವಳು, ದನದ ಡಾಕ್ಟರು. ನಲವತ್ತು ವರ್ಷದ ಹಿಂದೆ ಕೆ.ಆರ್. ಪೇಟೆಯಲ್ಲಿ ಇದೇ ಸಿಸ್ಟರುಗಳು ನಡೆಸುತ್ತಿದ್ದ ತೊಟ್ಟಿಲು ಮನೆಯಿಂದ ಅಲ್ಲಿನ ಗಂಡಹೆಂಡಿರು ದತ್ತು ತೆಗೆದುಕೊಂಡು ಹೋದ ಮಗು. ಸಾಕಿದ ತಾಯಿ ಹೋದ ವರ್ಷ ತೀರಿಕೊಂಡರಂತೆ. ಹೆತ್ತವಳು ಇದ್ದರೆ ಒಮ್ಮೆ ನೋಡಬೇಕು ಎಂದು ಬರೆದಿದ್ದಳು. ಕೊನೆಯಲ್ಲಿ ಅವಳ ಚರ್ಚಿನ ಸಭೆಯವರು ಒಂದು ಸಾಲು ಸೇರಿಸಿದ್ದರು: ತಾಯಿ ಸಿಕ್ಕಿದರೆ, ಆಕೆಗೆ ಒಂದು ಒಳ್ಳೆಯ ಮನೆ ಕಟ್ಟಿಸಿಕೊಡಲು ಸಭೆ ಒಪ್ಪಿದೆ.

ಮಹದೇವಸ್ವಾಮಿ ಆ ಸಾಲನ್ನು ಇಂಗ್ಲಿಷಿನಲ್ಲಿ ಎರಡು ಸಲ ಓದಿದ. ಮೂರನೆಯ ಸಲ ಅದು ತಾನಾಗಿಯೇ ಕನ್ನಡದಲ್ಲಿ ಕೇಳಿಸಿತು.

ತೊಟ್ಟಿಲು ಮನೆ ಮುಚ್ಚಿ ಇಪ್ಪತ್ತೈದು ವರ್ಷವಾಗಿತ್ತು. ಅದರ ಹಳೆಯ ದಾಖಲೆ ಪುಸ್ತಕಗಳು ಒಂದು ತಗಡಿನ ಪೆಟ್ಟಿಗೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಅವನ ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದವು. ಅವನು ಪೆಟ್ಟಿಗೆ ಇಳಿಸಿ, ಎಂಬತ್ತೈದನೇ ಇಸವಿಯ ಪುಸ್ತಕ ತೆಗೆದು, ನೋರಾ ಕೊಟ್ಟ ತಾರೀಖಿನ ಪುಟ ಹುಡುಕಿದ. ಏಪ್ರಿಲ್ ತಿಂಗಳು. ಹೆಣ್ಣು ಮಗು, ಹನ್ನೆರಡು ದಿನದ್ದು. ಬಿಟ್ಟು ಹೋದವರು: ತಾಯಿ. ಊರು: ದೇವಲಾಪುರದ ಕಡೆ. ತಾಯಿಯ ಹೆಸರು ಎಂಬ ಕಡೆ ಏನೂ ಇರಲಿಲ್ಲ. ಬರೆಯಲು ಮರೆತಿದ್ದರು.

ಪುಸ್ತಕ ಬರೆದ ಸಿಸ್ಟರ್ ಆಗ್ನೆಸ್ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಎಲ್ಲರೂ ಹೊಗಳುತ್ತಿದ್ದ ಆ ಸಿಸ್ಟರ್‌ಗೂ ಮರೆವು ಇತ್ತು ಎಂಬುದು ಮಹದೇವಸ್ವಾಮಿಗೆ ಸ್ವಲ್ಪ ಸಮಾಧಾನ ತಂದಿತು. ಅದಕ್ಕಿಂತ ಹೆಚ್ಚಿನ ಸಮಾಧಾನ ತಂದದ್ದು ಊರಿನ ಹೆಸರು. ದೇವಲಾಪುರದ ಹತ್ತಿರದ ಹಳ್ಳಿಯೇ ಅವನ ತಾಯಿಯ ತವರು. ಅಲ್ಲಿ ಅವನ ಚಿಕ್ಕಮ್ಮ ಪಾರ್ವತಮ್ಮ ಇದ್ದಳು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮಕ್ಕಳಿಲ್ಲ, ಅರವತ್ತೊಂದು ವರ್ಷ, ನಾಲ್ಕು ಹಸು, ರಸ್ತೆಗೆ ಮುಖ ಮಾಡಿದ ಅಗಲವಾದ ಜಾಗ, ಅದರಲ್ಲಿ ಒಂದು ಹೆಂಚಿನ ಮನೆ. ಅವಳಿಗೆ ಮಹದೇವಸ್ವಾಮಿಯನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಅವಳ ನಂತರ ಅದೆಲ್ಲ ಅವನದೇ.

‘ಅವಳ ನಂತರ’ ಎಂಬುದನ್ನು ಅವನು ಮನಸ್ಸಿನಲ್ಲೂ ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. ಅವಳಿಗೆ ಕೇಡು ಬಯಸುವಷ್ಟು ಕಟುಕ ಅವನಲ್ಲ. ಬಯಸಿಯೂ ಪ್ರಯೋಜನವಿರಲಿಲ್ಲ. ಅವಳು ಇಪ್ಪತ್ತು ಲೀಟರಿನ ಹಾಲಿನ ಕ್ಯಾನನ್ನು ಒಂದೇ ಕೈಯಲ್ಲಿ ಎತ್ತಿ ಡೇರಿಗೆ ಕೊಂಡೊಯ್ಯುತ್ತಿದ್ದಳು. ಅವನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಯಾರ ನಂತರ ಯಾರು ಎಂಬುದು ಅವನ ಯೋಜನೆಯ ಅತ್ಯಂತ ದುರ್ಬಲ ಭಾಗವಾಗಿತ್ತು. ಆದರೂ ಹೆಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಎದ್ದು ನಿಲ್ಲುವುದನ್ನು ಕಲ್ಪಿಸಿಕೊಂಡಾಗ ಅವನ ಏದುಸಿರು ಎಷ್ಟೋ ಕಡಿಮೆಯಾಗುತ್ತಿತ್ತು.

ಯಾರಿಗೂ ನಷ್ಟವಿಲ್ಲದ ಅಪರಾಧ ಅದು. ಅಲ್ಲೊಬ್ಬಳಿಗೆ ತಾಯಿ ಬೇಕು, ತಾಯಿ ಸಿಗುತ್ತಾಳೆ. ಆ ಸಭೆಯವರಿಗೆ ಮನೆ ಕಟ್ಟಿಸಬೇಕು, ಕಟ್ಟಿಸುತ್ತಾರೆ. ಅವನು ಹಲವು ರಾಜಕಾರಣಿಗಳ ಭಾಷಣ ಕೇಳಿದ್ದ. ಇಷ್ಟು ಒಳ್ಳೆಯ ಕಾರಣ ಯಾರೂ ಕೊಟ್ಟಿರಲಿಲ್ಲ.

ಬರೆಯಬೇಕಾದದ್ದು ಮೂರೇ ಅಕ್ಷರ: ಪಾರ್ವತಿ. ಆದರೆ ಮೂರಕ್ಷರಕ್ಕೆ ಅವನು ಹನ್ನೊಂದು ದಿನ ತೆಗೆದುಕೊಂಡ. ಸಿಸ್ಟರ್ ಆಗ್ನೆಸ್ ಕೇರಳದವರು, ಕನ್ನಡವನ್ನು ದೊಡ್ಡವರಾದ ಮೇಲೆ ಕಲಿತವರು. ಪ್ರತಿ ಅಕ್ಷರವನ್ನೂ ಬೇರೆ ಬೇರೆಯಾಗಿ, ತಟ್ಟೆಯಲ್ಲಿ ಕಡುಬು ಜೋಡಿಸಿದಂತೆ ಬರೆಯುತ್ತಿದ್ದರು. ‘ಪಾ’ ಸುಲಭವಾಗಿ ಸಿಕ್ಕಿತು, ‘ತಿ’ ಕೂಡ. ಕಷ್ಟವಾದದ್ದು ಅರ್ಕಾವೊತ್ತು. ಅದಕ್ಕಾಗಿ ಇಡೀ ಪುಸ್ತಕ ತಿರುವಿ, ‘ಮಾರ್ಚ್’ ಎಂಬಲ್ಲಿ ಒಂದು, ‘ಸರ್ಕಾರಿ ಆಸ್ಪತ್ರೆ’ ಎಂಬಲ್ಲಿ ಒಂದು ಕಂಡುಹಿಡಿದ. ಅವರು ಅದನ್ನು ಸ್ವಲ್ಪ ಮೇಲೆತ್ತಿ, ಬಾಲವನ್ನು ಒಳಗೆ ಮಡಚುತ್ತಿದ್ದರು. ಹಳೆಯ ನಿಬ್ಬಿನ ಪೆನ್ನೊಂದನ್ನು ಮೈಸೂರಿನ ಗುಜರಿಯಲ್ಲಿ ಹುಡುಕಿ ತಂದ. ನೀಲಿ ಶಾಯಿಗೆ ಚಹಾದ ಕಷಾಯ ಮೂರು ಹನಿ ಬೆರೆಸಿದರೆ ನಲವತ್ತು ವರ್ಷದ ಬಣ್ಣ ಬರುತ್ತದೆ, ನಾಲ್ಕು ಹನಿಗೆ ಅರವತ್ತು ವರ್ಷವಾಗಿಬಿಡುತ್ತದೆ ಎಂಬುದನ್ನು ಪ್ರಯೋಗ ಮಾಡಿ ತಿಳಿದುಕೊಂಡ.

ಒಂದು ಮಧ್ಯಾಹ್ನ, ಸಿಸ್ಟರ್ ಫಿಲೋಮಿನಾ ಪ್ರಾರ್ಥನೆಗೆ ಹೋಗಿದ್ದ ಇಪ್ಪತ್ತು ನಿಮಿಷದಲ್ಲಿ, ಉಸಿರು ಬಿಗಿಹಿಡಿದು ಮೂರಕ್ಷರ ಬರೆದ. ಬರೆದು ದೂರ ಹಿಡಿದು ನೋಡಿದ. ಶಾಲೆಯಲ್ಲಿ ಅವನ ಬರವಣಿಗೆ ಕಂಡು ಮೇಷ್ಟರು ಸ್ಲೇಟನ್ನೇ ಅವನ ತಲೆಗೆ ಕುಟ್ಟಿದ್ದರು. ಜೀವಮಾನದಲ್ಲಿ ಮೊದಲ ಸಲ ಅಂದವಾಗಿ ಬರೆದಿದ್ದ, ಯಾರಿಗೂ ತೋರಿಸುವಂತಿರಲಿಲ್ಲ. ಕಲಾವಿದನ ಬಾಳು ಇಷ್ಟೇ ಎಂದುಕೊಂಡು ಶಾಯಿ ಆರಲು ಬಿಟ್ಟ.

ಮುಂದಿನ ಭಾನುವಾರ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗಿ, ಅಲ್ಲಿಂದ ದೇವಲಾಪುರದ ಬಸ್ಸು ಹಿಡಿದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಚಿಕ್ಕಮ್ಮ ಹಠಮಾರಿ. ಮೊದಲು ಬೈಯುತ್ತಾಳೆ, ಆಮೇಲೆ ಅಳುತ್ತಾಳೆ, ಕೊನೆಗೆ ಮನೆಯ ಆಸೆಗೆ ಒಪ್ಪುತ್ತಾಳೆ ಎಂದು ಲೆಕ್ಕ ಹಾಕಿದ್ದ. ಪುಸ್ತಕದಲ್ಲಿ ಹೆಸರು ಬರೆದ ವಿಷಯ ಮಾತ್ರ ಅವಳಿಗೆ ಹೇಳಬಾರದು ಎಂದು ತೀರ್ಮಾನಿಸಿದ್ದ. ಗೊತ್ತಿಲ್ಲದ ವಿಷಯವನ್ನು ಯಾರೂ ಬಾಯಿಬಿಡಲಾರರು. ಇದು ಅವನ ಯೋಜನೆಯ ಅತ್ಯಂತ ಗಟ್ಟಿಯಾದ ಭಾಗ.

ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು.

“ಏನ್ಲಾ ಮಾದೇವ, ಅಬ್ಬ ಇಲ್ಲ ಉಣ್ಮೆ ಇಲ್ಲ, ಬಂದ್ಬುಟ್ಟಿದೀಯ.”

“ಒಂದ್ ಕೆಲ್ಸ ಆಗ್ಬೇಕಿತ್ತು ಚಿಕ್ಕಮ್ಮ. ಐರ್ಲೆಂಡ್ ಅಂತ ಒಂದ್ ದೇಸ. ಅಲ್ಲಿಂದ ಒಬ್ಳು ಎತ್ತ ತಾಯ್ನ ಉಡಿಕ್ಕಂಡು ಬತ್ತಾವ್ಳೆ. ಆ ತಾಯಿ ಎಲ್ಲವ್ಳೋ ಯಾರ್ಗೂ ಗೊತ್ತಿಲ್ಲ. ಎರಡು ದಿವ್ಸ ನೀನು ತಾಯಿ ಆಗ್ಬೇಕು, ಅಷ್ಟೆ.”

ಅವಳು ಬೈಯಲಿಲ್ಲ. ಹಾಲು ಪಾತ್ರೆಗೆ ಬೀಳುವ ಸದ್ದು ಹಾಗೇ ನಡೆದಿತ್ತು.

“ಯಾವ್ ವರ್ಸದ ಮಗ?”

“ಎಂಬತ್ತೈದು. ಕೆ.ಆರ್. ಪೇಟೆ ತೊಟ್ಲು ಮನೇಲಿ ಬುಟ್ಟೋಗಿದ್ರಂತೆ. ಹನ್ನೆರಡು ದಿನದ ಮಗ.”

ಸದ್ದು ನಿಂತಿತು. ಹಸು ಕತ್ತು ತಿರುಗಿಸಿ ನೋಡಿತು. ಪಾರ್ವತಮ್ಮ ಪಾತ್ರೆಯನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳತೊಡಗಿದಳು. ಒರೆಸಿಯೇ ಒರೆಸಿದಳು.

“ಈಗೇನ್ ಮಾಡ್ತಾವ್ಳೆ ಅವ್ಳು?”

“ದನದ ಡಾಕ್ಟ್ರು.”

“ದನದ ಡಾಕ್ಟ್ರು,” ಎಂದಳು ಚಿಕ್ಕಮ್ಮ. “ಫೋಟ ಐತಾ?”

ಅವನು ಫೋನು ಕೊಟ್ಟ. ಅವಳು ಅದನ್ನು ಕೊಟ್ಟಿಗೆಯ ಬಾಗಿಲಿಗೆ, ಬೆಳಕಿಗೆ ಒಯ್ದು, ಅವನಿಗೆ ಬೆನ್ನು ಮಾಡಿ ನಿಂತು ನೋಡಿದಳು. ಬಹಳ ಹೊತ್ತಾದ್ದರಿಂದ ಅವಳಿಗೆ ಕಣ್ಣು ಮಂಜಾಗಿರಬೇಕು, ಪಾಂಡವಪುರದ ಶಿಬಿರಕ್ಕೆ ಕರೆದೊಯ್ದು ಒಂದು ಕನ್ನಡಕ ಕೊಡಿಸಬೇಕು ಎಂದು ಅವನು ಅಂದುಕೊಂಡ.

“ತಾರಸಿ ಮನೆ ಕಟ್ಟಿಸ್ಕೊಡ್ತಾರಂತೆ ಚಿಕ್ಕಮ್ಮ,” ಎಂದು ಬಸ್ಸಿನಲ್ಲಿ ಜೋಡಿಸಿದ್ದ ಮಾತನ್ನು ಶುರು ಮಾಡಿದ.

“ಗಂಡ ಸತ್ತೋಳು ಮಗ ಎತ್ತಿದ್ಲು ಅಂತ ಊರು ಆಡ್ಕತದೆ. ಅದ್ನ ಯೋಚ್ನೆ ಮಾಡಿದ್ಯಾ?”

ಅವನು ಯೋಚನೆ ಮಾಡಿರಲಿಲ್ಲ. ಅರ್ಕಾವೊತ್ತಿಗೆ ನಾಲ್ಕು ದಿನ ಕೊಟ್ಟಿದ್ದ; ಇದಕ್ಕೆ ಒಂದು ನಿಮಿಷವೂ ಕೊಟ್ಟಿರಲಿಲ್ಲ. “ನಲವತ್ತು ವರ್ಸ ಆಯ್ತಲ್ಲ, ಈಗ್ಯಾರು ಕೇಳ್ತಾರೆ ಬುಡು,” ಎಂದ.

“ಕೇಳ್ತಾರೆ. ಕೇಳ್ಲಿ ಬುಡು.” ಅವಳು ಫೋನು ಹಿಂದಕ್ಕೆ ಕೊಟ್ಟಳು. “ಯಾವತ್ತು ಬತ್ತಾಳೆ?”

ಇಷ್ಟು ಸಲೀಸಾಗಿ ಒಪ್ಪಿದ್ದು ತನ್ನ ಮಾತಿನ ಬಲ ಎಂದು ಮಹದೇವಸ್ವಾಮಿ ಹಿಂದಿರುಗುವ ಬಸ್ಸಿನಲ್ಲಿ ತೀರ್ಮಾನಿಸಿದ. ಮಾತು ಶುರುವಾಗುವ ಮೊದಲೇ ಅವಳು ಒಪ್ಪಿದ್ದಳೆಂಬುದು ಬಸ್ಸು ಪಾಂಡವಪುರ ದಾಟುವಾಗ ಒಮ್ಮೆ ಹೊಳೆಯಿತು. ಕಿಟಕಿಯ ಗಾಳಿ ಚೆನ್ನಾಗಿ ಬರುತ್ತಿದ್ದುದರಿಂದ ಅದನ್ನು ಬೆಳೆಸಲಿಲ್ಲ.

ಮರುದಿನ ಪುಸ್ತಕದ ಪುಟ ತೋರಿಸಿ, ದೇವಲಾಪುರದ ಕಡೆ ವಿಚಾರಿಸಿದಾಗ ಆ ಪಾರ್ವತಿ ಸಿಕ್ಕಳೆಂದು ಸಿಸ್ಟರ್ ಫಿಲೋಮಿನಾಗೆ ಹೇಳಿದ. ನೋರಾ ಬರುವವರೆಗೆ ಅವನು ಮೂರು ಸಲ ಹೋಗಿ ಚಿಕ್ಕಮ್ಮನಿಗೆ ತಾಲೀಮು ಮಾಡಿಸಿದ. ಊರಿನ ನಾಟಕದಲ್ಲಿ ದ್ವಾರಪಾಲಕನ ಪಾತ್ರ ಮಾಡಿ, ಇದ್ದ ಒಂದೇ ಮಾತನ್ನೂ ಮರೆತಿದ್ದ ಅವನು ಈಗ ನಿರ್ದೇಶಕನಾಗಿದ್ದ. ಎರಡು ಪುಟ ಬರೆದುಕೊಂಡು ಬಂದು ಓದಿದ. ಧಾರಾಕಾರ ಮಳೆ. ಹಸಿರು ಸೀರೆಯಲ್ಲಿ ಸುತ್ತಿದ ಮಗು. ತೊಟ್ಟಿಲು ಮನೆಯ ಬಾಗಿಲಲ್ಲಿ ಬಿಕ್ಕಿ ಬಿಕ್ಕಿ ಅಳುವ ತಾಯಿ.

“ಮಳೆ ಬ್ಯಾಡ. ಬಿಸ್ಲು ಅಂತ ಬರಿ,” ಎಂದಳು ಚಿಕ್ಕಮ್ಮ.

ಏಪ್ರಿಲ್ ತಿಂಗಳಲ್ಲವೇ, ಬಿಸಿಲೇ ಸರಿ ಎಂದು ಅವನು ಮಳೆ ಹೊಡೆದುಹಾಕಿದ.

“ಸೀರೆ ಅಲ್ಲ. ನಮ್ಮಪ್ಪನ ಪಂಚೆ ಅಂತ ಬರಿ. ಅಳೇದು. ಅಳ್ನಿಲ್ಲ ಅಂತ್ಲೂ ಬರಿ.”

“ತಾಯಿ ಅಂದ್ಮೇಲೆ ಅಳ್ಬೇಕಲ್ವಾ ಚಿಕ್ಕಮ್ಮ?”

“ಅತ್ರೆ ಮಗ ಎದ್ಬುಡ್ತಿತ್ತು.”

ಮಹದೇವಸ್ವಾಮಿ ಪೆನ್ನು ಹಿಡಿದು ಅವಳನ್ನೇ ನೋಡಿದ. ಎಂಥ ಕಲಾವಿದೆ. ಈ ಪ್ರತಿಭೆ ಹಾಲು ಕರೆಯುತ್ತಾ ವ್ಯರ್ಥವಾಯಿತಲ್ಲ ಎಂದು ಮರುಗಿದ. ನಮ್ಮ ವಂಶದಲ್ಲೇ ಈ ಗುಣ ಇದೆ, ನನ್ನಲ್ಲಿ ಅದು ಅಕ್ಷರದ ರೂಪದಲ್ಲಿ ಬಂದಿದೆ, ಇವಳಲ್ಲಿ ಅಭಿನಯದ ರೂಪದಲ್ಲಿ ಎಂದು ಅಭಿಮಾನಪಟ್ಟ.

ಜುಲೈನಲ್ಲಿ ನೋರಾ ಬಂದಳು. ಬಿಳಿ ಮೇಡಂ ಒಬ್ಬಳನ್ನು ಎದುರು ನೋಡುತ್ತಿದ್ದ ಅವನು, ವಿಮಾನ ನಿಲ್ದಾಣದ ಹೊರಗೆ ಹೆಸರಿನ ಹಲಗೆ ಹಿಡಿದು, ತನ್ನ ಮುಂದೆಯೇ ನಿಂತು ಕೈಚಾಚಿದ ಕಪ್ಪು ಬಣ್ಣದ ಗಿಡ್ಡ ಹೆಂಗಸಿಗೆ “ಸ್ವಲ್ಪ ಸರಿಯಮ್ಮ” ಎಂದುಬಿಟ್ಟ. ಅವಳು ಮಗುವಾಗಿದ್ದಾಗಿನ ಫೋಟೋ, ಈಗಿನ ಫೋಟೋ ಎರಡೂ ಅವನ ಫೋನಿನಲ್ಲಿದ್ದವು. ಅಪರಾಧಿಗೆ ಕಣ್ಣು ಚುರುಕಾಗಿರಬೇಕು ಎಂಬುದನ್ನು ಅವನು ಆವತ್ತು ನೆನಪಿಟ್ಟುಕೊಂಡ.

ಮರುದಿನ ಸಿಸ್ಟರ್ ಫಿಲೋಮಿನಾ, ನೋರಾ, ಅವನು ವ್ಯಾನಿನಲ್ಲಿ ಹೊರಟರು. ಚಿಕ್ಕಮ್ಮ ಹೊಸಲಿನಲ್ಲಿ ನಿಂತಿದ್ದಳು. ಓಡಿಬಂದು ತಬ್ಬಿಕೊಳ್ಳಬೇಕು ಎಂದು ಹೇಳಿಕೊಟ್ಟಿದ್ದ, ಓಡಿಬರಲಿಲ್ಲ. ನೋರಾ ಹತ್ತಿರ ಬಂದಾಗ ಅವಳ ಕತ್ತರಿಸಿದ ಕೂದಲ ಮೇಲೆ ಕೈಯಿಟ್ಟು, ಹಣೆಯಿಂದ ಹಿಂದಕ್ಕೆ ಒಮ್ಮೆ ಸವರಿದಳು. ಎರಡು ಪುಟದ ಒಂದು ಸಾಲನ್ನೂ ಹೇಳಲಿಲ್ಲ.

“ಉಂಡ್ಯಾ?” ಎಂದಳು.

ಅವನು ಅದನ್ನು ಇಂಗ್ಲಿಷಿಗೆ ದಾಟಿಸಿದ. ನೋರಾ ಮುಖ ಮುಚ್ಚಿಕೊಂಡು ಅತ್ತಳು. ಬರಹಗಾರನಾಗಿ ಅವನಿಗೆ ಬೇಸರವಾಯಿತು, ಸಂಚುಗಾರನಾಗಿ ತೃಪ್ತಿಯಾಯಿತು.

ಮಧ್ಯಾಹ್ನವೆಲ್ಲ ಇಬ್ಬರೂ ಕೊಟ್ಟಿಗೆಯಲ್ಲೇ ಇದ್ದರು. ಒಂದು ಹಸುವಿನ ಕೆಚ್ಚಲು ಬಾವು ಬಂದು ಗಟ್ಟಿಯಾಗಿತ್ತು. ನೋರಾ ಕೂತು ಮೃದುವಾಗಿ ಒತ್ತಿ ನೋಡಿದಳು. ಚಿಕ್ಕಮ್ಮ ಹಸುವಿನ ಹಣೆ ಹಿಡಿದುಕೊಂಡಳು. ಆಗ ಅವನನ್ನು ಯಾರೂ ಕರೆಯಲಿಲ್ಲ. ಕನ್ನಡ ಬಾರದವಳೂ ಇಂಗ್ಲಿಷ್ ಬಾರದವಳೂ ಅರ್ಧ ಗಂಟೆ ಮಾತಾಡಿಕೊಂಡರು.

ತೊಂದರೆ ಶುರುವಾದದ್ದು ಸಂಜೆಯ ಕಾಫಿಯ ಹೊತ್ತಿಗೆ. ನೋರಾ ಸಂಕೋಚದಿಂದ ಚೀಲ ತೆಗೆದು ಒಂದು ಪ್ಲಾಸ್ಟಿಕ್ ಕೊಳವೆ ಹೊರಗಿಟ್ಟಳು. ತನಗೆ ಯಾವ ಪುರಾವೆಯೂ ಬೇಡ, ಆದರೆ ಮನೆ ಕಟ್ಟಿಸುವ ಮೊದಲು ರಕ್ತಸಂಬಂಧ ಪರೀಕ್ಷೆ ಆಗಬೇಕೆಂದು ತನ್ನ ಚರ್ಚಿನ ಸಮಿತಿ ಕೇಳಿದೆ, ಇದರಲ್ಲಿ ಸ್ವಲ್ಪ ಉಗುಳಿದರೆ ಸಾಕು ಎಂದಳು.

ಶಾಯಿ, ನಿಬ್ಬು, ಅರ್ಕಾವೊತ್ತು, ಎಲ್ಲವನ್ನೂ ಯೋಚಿಸಿದ್ದ ಮಹದೇವಸ್ವಾಮಿ ಎಂಜಲನ್ನು ಯೋಚಿಸಿರಲಿಲ್ಲ. ತಪ್ಪಾಗಿ ಅನುವಾದಿಸೋಣವೆಂದರೆ ಎರಡೂ ಭಾಷೆ ಬಲ್ಲ ಸಿಸ್ಟರ್ ಪಕ್ಕದಲ್ಲೇ ಬಿಸ್ಕತ್ತು ಅದ್ದಿಕೊಳ್ಳುತ್ತಿದ್ದರು. ವಿಷಯವನ್ನು ಚಿಕ್ಕಮ್ಮನಿಗೆ ಹೇಳಿ, ಬೇಡ ಅನ್ನು ಎಂದು ಕಣ್ಣಿನಲ್ಲೇ ಬೇಡಿಕೊಂಡ.

“ಉಗಿಯಾದ್ ತಾನೆ?” ಎಂದಳು ಚಿಕ್ಕಮ್ಮ. “ಕೊಡವ್ವ ಇತ್ಲಾಗೆ.”

ಗೆರೆಯವರೆಗೂ ತುಂಬಿಸಿ ಕೊಟ್ಟಳು. ಕೊಳವೆಯನ್ನು ತಾನೇ ಅಂಚೆಗೆ ಹಾಕುವುದಾಗಿ ಅವನು ಮೂರು ಸಲ ಹೇಳಿದ. ನೋರಾ ಮೂರು ಸಲವೂ ಧನ್ಯವಾದ ಹೇಳಿ ತನ್ನ ಚೀಲದಲ್ಲೇ ಇಟ್ಟುಕೊಂಡಳು.

ಮುಂದಿನ ಆರು ವಾರ ಅವನು ನಾಲ್ಕು ಕಿಲೋ ಇಳಿದ. ಶ್ರೀರಂಗನಾಥನಿಗೆ ತುಳಸಿ ಮಾಲೆ ಕೊಟ್ಟು, ಹೊರಗೆ ಬಂದು ಚರ್ಚಿನಲ್ಲಿ ಮೇಣದ ಬತ್ತಿಯನ್ನೂ ಹಚ್ಚಿದ. ಇಬ್ಬರ ಹತ್ತಿರವೂ ಏನು ಬೇಡಬೇಕೆಂದು ತಿಳಿಯದೆ, ಅಂಚೆ ತಡವಾಗಲಿ ಎಂದು ಬೇಡಿಕೊಂಡ. ಚಿಕ್ಕಮ್ಮನ ಮೇಲೆ ತಪ್ಪು ಹೊರಿಸಿ ಒಂದು ಹೇಳಿಕೆ ಬರೆದ. ಮುದುಕಿಗೆ ಮಗಳ ಹಂಬಲ, ನಾನು ನಂಬಿ ಮೋಸಹೋದೆ ಎಂದು. ಓದಿ ನೋಡಿದಾಗ ತನಗೇ ಹೇಸಿಗೆಯಾಗಿ ಹರಿದುಹಾಕಿದ. ಅಷ್ಟು ಕೆಳಗೆ ಇಳಿಯಲಾರೆ ಎಂಬುದು ಗೊತ್ತಾಗಿ ಸ್ವಲ್ಪ ಧೈರ್ಯ ಬಂತು. ಎರಡು ದಿನ ಬಿಟ್ಟು ಮತ್ತೆ ಬರೆದಿಟ್ಟುಕೊಂಡ.

ವರದಿ ಆಗಸ್ಟ್ ಕೊನೆಗೆ ಬಂತು. ಸಿಸ್ಟರ್ ಫಿಲೋಮಿನಾ ಅವನನ್ನು ಒಳಗೆ ಕರೆದು, ಕಂಪ್ಯೂಟರಿನ ಕಡೆ ಕೈ ತೋರಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. ಅವನು ಓದಿದ. ನೋರಾ ಮತ್ತು ಪಾರ್ವತಮ್ಮ ತಾಯಿ ಮಗಳು ಎಂಬುದರಲ್ಲಿ ಸಂಶಯವಿಲ್ಲ ಎಂದಿತ್ತು.

“ನಿಮ್ಮಿಂದ ಆಯಿತು ಮಹದೇವಸ್ವಾಮಿ. ಆ ಹಳೆಯ ಪುಸ್ತಕ ನೀವು ಹುಡುಕದಿದ್ದರೆ ಆಗುತ್ತಿರಲಿಲ್ಲ,” ಎಂದರು ಸಿಸ್ಟರ್.

ಮೊದಲು ಅವನು ಪ್ರಯೋಗಾಲಯ ತಪ್ಪು ಮಾಡಿದೆ ಎಂದೇ ನಂಬಿದ. ಕಾಫಿ ಕುಡಿಯಲು ಹೊರಗೆ ಹೋಗಿ, ಲೋಟ ಹಿಡಿದು ರಸ್ತೆಯಲ್ಲಿ ನಿಂತಿದ್ದಾಗ, ಬಿಸಿಲು, ಪಂಚೆ, ಎದ್ದುಬಿಡುತ್ತಿದ್ದ ಮಗು ಒಂದೊಂದಾಗಿ ಅವನ ಮುಂದೆ ಬಂದು ನಿಂತವು. ಅವನು ಒಂದನೇ ಕ್ಲಾಸಿನಲ್ಲಿದ್ದ ವರ್ಷ ತಾತನ ಮನೆಗೆ ರಜಕ್ಕೆ ಹೋದರೆ ಚಿಕ್ಕಮ್ಮ ಇರಲಿಲ್ಲ. ಕೆ.ಆರ್. ಪೇಟೆ ನೆಂಟರ ಮನೆಗೆ ಹೋಗಿದ್ದಾಳೆ ಎಂದಿದ್ದರು. ಕಾಫಿ ಆರಿಹೋಯಿತು.

ಅದೇ ದಿನ ದೇವಲಾಪುರಕ್ಕೆ ಹೋದ.

“ಯಾಕ್ ಯೋಳ್ನಿಲ್ಲ ಚಿಕ್ಕಮ್ಮ?”

“ನೀನು ಕೇಳಿದ್ಯೇನ್ಲಾ? ನಾಟ್ಕ ಆಡು ಅಂದೆ. ಆಡ್ದೆ.” ಅವಳು ಹುಲ್ಲು ಕೊಡವುತ್ತಿದ್ದಳು. “ನಲವತ್ತು ವರ್ಸ ಯಾರಾರ ಕೇಳ್ಲಿ ಅಂತ ಕಾದಿದ್ದೆ. ಕೇಳ್ದೋನು ನೀನು. ಯಾತುಕ್ಕೆ ಕೇಳ್ದೆ ಅಂತ್ಲೂ ಗೊತ್ತು ಕಣ್ಲಾ. ತಾರಸಿ ಮನೆ.”

ಅವನು ತಲೆ ತಗ್ಗಿಸಿದ. “ಆವತ್ತು ಫೋಟ ನೋಡ್ದಾಗ್ಲೇ ಗೊತ್ತಾಯ್ತಾ?”

“ನಮ್ಮವ್ವನ ಮೊಕ. ನಿಂಗೆ ಗೊತ್ತಾಗ್ನಿಲ್ವಾ?” ಎಂದಳು. ಆಮೇಲೆ, ಹುಲ್ಲಿನ ಕಡೆಯೇ ನೋಡುತ್ತಾ, “ಅಪ್ಪ ಯಾರು ಅಂತ ಕೇಳ್ಬ್ಯಾಡ. ಅವ್ಳು ಕೇಳುದ್ರೆ ಯೋಳ್ತೀನಿ, ನಿಂಗೆ ಯೋಳಾಕಿಲ್ಲ. ನಾಗಮಂಗಲಕ್ಕೆ ಓಗಿ ಉಯಿಲು ಬರ್ಸ್ಬುಟ್ಟು ಬಂದಿವ್ನಿ. ಜಾಗ, ಮನೆ, ಎಲ್ಲ ಅವ್ಳಿಗೆ. ನೀನು ಅಸ ನೋಡ್ಕಳಂಗಿದ್ರೆ ಅಸ ನಿಂಗೆ,” ಎಂದಳು.

ಬಸ್ಸಿನಲ್ಲಿ ಅವನು ತನ್ನ ಸ್ಥಿತಿಯನ್ನು ಶಾಂತವಾಗಿ ನೋಡಿಕೊಂಡ. ಹನ್ನೊಂದು ದಿನ ಕಷ್ಟಪಟ್ಟು, ತನ್ನ ಆಸ್ತಿಗೆ ತಾನೇ ವಾರಸುದಾರಳನ್ನು ಹುಡುಕಿ, ಏಳು ಸಮುದ್ರದ ಆಚೆಯಿಂದ ಕರೆಸಿ, ವ್ಯಾನಿನಲ್ಲಿ ಮನೆ ಬಾಗಿಲಿಗೆ ಬಿಟ್ಟು ಬಂದಿದ್ದ. ಇಷ್ಟು ಸಂಪೂರ್ಣವಾಗಿ ತನ್ನನ್ನೇ ದೋಚಿಕೊಂಡ ಕಳ್ಳ ಜಿಲ್ಲೆಯಲ್ಲಿ ಇರಲಾರ. ನಗು ಬಂತು. ಪಕ್ಕದವರು ತಿರುಗಿ ನೋಡಿದರು. ಆದರೆ ಒಂದು ವಿಷಯ ಮಾತ್ರ ಅವನನ್ನು ಹಗುರ ಮಾಡಿತು. ಸುಳ್ಳು ಬರೆಯಲು ಹೋಗಿ ಅವನು ನಿಜ ಬರೆದಿದ್ದ. ತಾಯಿಯ ಹೆಸರು ಪಾರ್ವತಿಯೇ. ಆ ಮೂರಕ್ಷರಕ್ಕೆ ಈಗ ಯಾರೂ ಏನೂ ಮಾಡುವಂತಿಲ್ಲ. ವಿದೇಶದ ಪ್ರಯೋಗಾಲಯವೇ ಅದಕ್ಕೆ ಮುದ್ರೆ ಒತ್ತಿತ್ತು. ಆಸ್ತಿ ಹೋಯಿತು, ಮಾನ ಉಳಿಯಿತು, ಕೆಲಸವೂ ಉಳಿಯಿತು. ಬರೆದಿಟ್ಟ ಹೇಳಿಕೆಯನ್ನು ಎರಡನೆಯ ಸಲ ಹರಿದು, ಪಾಂಡವಪುರದ ರೈಲ್ವೆ ಗೇಟಿನ ಹತ್ತಿರ ಕಿಟಕಿಯಿಂದ ಬಿಟ್ಟ.

ನವೆಂಬರಿನಲ್ಲಿ ಹೊಸ ಮನೆಗೆ ಗುದ್ದಲಿ ಪೂಜೆಯಾಯಿತು. ಫಾದರ್ ಪ್ರಾರ್ಥನೆ ಮಾಡಿದರು, ಊರಿನ ಅಯ್ಯನವರು ಕಾಯಿ ಒಡೆದರು. ಊರು ಆಡಿಕೊಂಡಿತ್ತು, ಆಡಿಕೊಂಡು ಸುಸ್ತಾಗಿ ಊಟಕ್ಕೆ ಬಂದಿತ್ತು. ಐರ್ಲೆಂಡಿನಿಂದ ನೋರಾಳ ಜೊತೆ ಸಮಿತಿಯ ಇಬ್ಬರು ಹಿರಿಯರು ಬಂದಿದ್ದರು. ಇದ್ದ ಹೆಂಚಿನ ಮನೆಯ ಜಗಲಿಯಲ್ಲಿ ಎಲ್ಲರೂ ಕೂತರು. ನೋರಾ ಬಹಳ ದಿನದಿಂದ ಕೇಳುತ್ತಿದ್ದಳೆಂದು ಸಿಸ್ಟರ್ ಫಿಲೋಮಿನಾ ಎಂಬತ್ತೈದರ ದಾಖಲೆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಪುಟ ತೆರೆದು ಅವಳ ಮಡಿಲಿಗಿಟ್ಟರು. ಮಹದೇವಸ್ವಾಮಿ ಒಂದೊಂದು ಸಾಲನ್ನೂ ಅವಳಿಗೆ ಓದಿ ಹೇಳಿದ. ಧ್ವನಿ ಎಲ್ಲೂ ನಡುಗಲಿಲ್ಲ. ಆ ಮೂರಕ್ಷರಕ್ಕೆ ಬಂದಾಗ, ಎಷ್ಟು ಅಂದವಾದ ಬರವಣಿಗೆ ಎಂದು ಹಿರಿಯರಲ್ಲೊಬ್ಬರು ಮೆಚ್ಚಿದರು. ಅವನಿಗೆ ಅಲ್ಲೇ ಎದ್ದು ಕೈಮುಗಿಯಬೇಕೆನ್ನಿಸಿತು.

ನೋರಾ ಆ ಹೆಸರಿನ ಮೇಲೆ ಬೆರಳಾಡಿಸುತ್ತಾ ತಾಯಿಯ ಕಡೆ ನೋಡಿ ಒಂದು ಪ್ರಶ್ನೆ ಕೇಳಿದಳು. ಅವನು ಅದನ್ನು ಸರಾಗವಾಗಿ ಕನ್ನಡಕ್ಕೆ ತಂದ: ಆ ಕಾಲದಲ್ಲಿ, ಅಂಥ ಸ್ಥಿತಿಯಲ್ಲಿ, ನಿಜವಾದ ಹೆಸರು ಹೇಳುವ ಧೈರ್ಯ ನಿನಗೆ ಹೇಗೆ ಬಂತು? ಚಿಕ್ಕಮ್ಮ ಬೆರಗಾಗಿ ಪುಸ್ತಕದ ಕಡೆ ಬಗ್ಗಿದಳು. “ಎಸ್ರಾ? ನಾನೆಲ್ಲಿ ಯೋಳಿದ್ದೆ ಮಗ. ಆ ಸಿಸ್ಟ್ರಮ್ಮ ಮೂರ್ ಸಲ ಕೇಳುದ್ರು. ನಮ್ಮಪ್ಪ ಆಣೆ ಆಕ್ಸಿದ್ದ, ಎಸ್ರು ಎತ್ಬ್ಯಾಡ ಅಂತ. ಬರೀಬ್ಯಾಡಿ, ಆ ಜಾಗ ಖಾಲಿ ಬುಟ್ಬುಡಿ ಅಂತ ಕಾಲಿಡ್ಕಂಡೆ. ನನ್ ಕಣ್ಮುಂದೇನೇ ಖಾಲಿ ಬುಟ್ರು, ಪುಸ್ತಕ ಮುಚ್ಚುದ್ರು.” ನೋರಾ ನಗುಮುಖದಲ್ಲಿ ಮಹದೇವಸ್ವಾಮಿಯ ಕಡೆ ತಿರುಗಿ ಕಾದಳು. ಹಿರಿಯರಿಬ್ಬರೂ ಕಾದರು. ಸಿಸ್ಟರ್ ಫಿಲೋಮಿನಾ ಅನುವಾದಕ್ಕೆ ಕಾಯಬೇಕಾಗಿರಲಿಲ್ಲ. ಅವರು ಪುಸ್ತಕವನ್ನು ನೋರಾಳ ಮಡಿಲಿಂದ ಮೆಲ್ಲಗೆ ಎತ್ತಿ, ಬಿಸಿಲಿಗೆ ಓರೆಯಾಗಿ ಹಿಡಿದು, ಆ ಪುಟವನ್ನು ಬಹಳ ಹತ್ತಿರದಿಂದ ನೋಡಿದರು. “ಹೇಳಿ ಮಹದೇವಸ್ವಾಮಿ,” ಎಂದರು, ಬೆರಳನ್ನು ಆ ಹೆಸರಿನ ಮೇಲಿಂದ ತೆಗೆಯದೆ. “ಅವರು ಹೇಳಿದ್ದನ್ನು ಹಾಗೇ ನೋರಾಗೆ ಹೇಳಿ.”